ಇಂಜಿನ್ನಿಗೆ ತುಪ್ಪ ಬಡಿಸಿದ್ದು

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಮೊದಲು ಹೇಳಿದವನು ಯಾರೋ ಊರ ಪಂಡಿತನೇ ಇರಬೇಕು, ಮತ್ತು ಅವನಿಗೊಬ್ಬ ಷಡ್ಡಕ ಇದ್ದಿರಲೇಬೇಕು. ಮಾವ, ಅತ್ತೆ, ಭಾವಮೈದುನ ಇವರನ್ನೆಲ್ಲ ಹೇಗೋ ಸಂಭಾಳಿಸಬಹುದು. ಕೊಟ್ಟದ್ದನ್ನೆಲ್ಲ ತಿಂದು ‘ಅಡುಗೆ ಬಹಳ ಚೆನ್ನಾಗಿತ್ತು’ ಎಂದರೆ ಅತ್ತೆ ಒಲಿಯುತ್ತಾರೆ. ತಾಲ್ಲೂಕು ಕಚೇರಿಯ ಹಳೆಯ ಕಥೆಗಳನ್ನು ಬಾಯಿ ಮುಚ್ಚಿಕೊಂಡು ಕೇಳಿದರೆ ಮಾವ ಒಲಿಯುತ್ತಾರೆ. ಹೆಂಡತಿಯ ಅಕ್ಕನ ಗಂಡ ಮಾತ್ರ ಯಾವ ಹರಕೆಗೂ ಒಲಿಯುವ ದೇವರಲ್ಲ. ಒಂದೇ ಪಡಸಾಲೆಯಲ್ಲಿ ಅಕ್ಕಪಕ್ಕ ಕೂತು, ಯಾರ ಎಲೆಗೆ ದೊಡ್ಡ ಹೋಳಿಗೆ ಬಿತ್ತು ಎಂದು ಓರೆಗಣ್ಣಿನಲ್ಲಿ ನೋಡಿಕೊಳ್ಳುವ ಸಂಬಂಧ ಅದು. ಲೋಕದಲ್ಲಿ ಅನೇಕ ಯುದ್ಧಗಳು ನಿಂತಿವೆ, ರಾಜಿಗಳಾಗಿವೆ. ಷಡ್ಡಕರ ನಡುವೆ ರಾಜಿಯಾದದ್ದನ್ನು ನಾನಂತೂ ಕೇಳಿಲ್ಲ.

ನನ್ನ ಉದ್ಯೋಗ ಹಲ್ಲು ಕೀಳುವುದು. ಶಿಕಾರಿಪುರದಲ್ಲಿ ಒಂದು ಸಣ್ಣ ದವಾಖಾನೆ ಇಟ್ಟುಕೊಂಡಿದ್ದೆ. ಸಂತೆಯ ದಿನ ಸೊರಬಕ್ಕೆ ಹೋಗಿ, ಸಂತೆಬೀದಿಯಲ್ಲೇ ಇದ್ದ ಮಾವನ ಮನೆಯ ಜಗುಲಿಯ ಮೇಲೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದೆ. ಕೂರುತ್ತಿದ್ದೆ ಎಂದೆನಲ್ಲ, ಅದು ಅಕ್ಷರಶಃ ನಿಜ. ರೋಗಿಗಳು ಕೂರಬೇಕಾದ ಕುರ್ಚಿಯಲ್ಲಿ ನಾನೇ ಕೂರುತ್ತಿದ್ದೆ. ಸೊರಬದ ಜನಕ್ಕೆ ಹಲ್ಲುನೋವು ಬರುತ್ತಿರಲಿಲ್ಲವೆಂದಲ್ಲ. ಕೆನ್ನೆ ಊದಿಸಿಕೊಂಡು, ತಲೆಗೆ ಟವೆಲು ಸುತ್ತಿಕೊಂಡು ಬರುವವರು ಬರುತ್ತಿದ್ದರು. ಜಗುಲಿಯ ತನಕ ಬಂದು ಒಂದೇ ಪ್ರಶ್ನೆ ಕೇಳುತ್ತಿದ್ದರು: “ಚೆನ್ನಬಸಪ್ಪೋರು ನಿಮ್ಮತ್ರ ತೋರಿಸ್ತಾರೇನ್ರೀ?” ಈ ಚೆನ್ನಬಸಪ್ಪನವರೇ ನನ್ನ ಷಡ್ಡಕರು. ಸೊರಬದಲ್ಲಿ ಅಕ್ಕಿ ಗಿರಣಿ ಇಟ್ಟವರು. ಊರಿನಲ್ಲಿ ಯಾರು ಏನು ಕೊಳ್ಳಬೇಕಾದರೂ, ಯಾರ ಹತ್ತಿರ ಮದ್ದು ಮಾಡಿಸಬೇಕಾದರೂ ಅವರ ಕಡೆ ಒಮ್ಮೆ ನೋಡಿ ಮುಂದುವರಿಯುವುದು ವಾಡಿಕೆ. ಅವರ ಬಲದವಡೆಯಲ್ಲಿ ಒಂದು ಹಲ್ಲು ಅಲ್ಲಾಡುತ್ತ, ಕೊಳೆಯುತ್ತ, ನನ್ನ ಕಣ್ಣೆದುರಿಗೇ ವರ್ಷಗಟ್ಟಲೆ ಕೂತಿತ್ತು. ಅದಕ್ಕೆ ಲವಂಗದೆಣ್ಣೆ ಹಚ್ಚಿಸಿಕೊಳ್ಳಲು ಅವರು ಶಿವಮೊಗ್ಗಕ್ಕೆ ಹೋಗುತ್ತಿದ್ದರು! ಸ್ವಂತ ಷಡ್ಡಕನೇ ಬಾಯಿ ತೆರೆಯದ ಡಾಕ್ಟರ ಮುಂದೆ ಮೂರನೆಯವರು ಯಾಕೆ ತೆರೆಯುತ್ತಾರೆ, ಹೇಳಿ. ಕೆನ್ನೆ ಊದಿದವರು ಊದಿದ ಕೆನ್ನೆಯನ್ನೇ ಹೊತ್ತುಕೊಂಡು ಬೆಲ್ಲ, ಮೆಣಸಿನಕಾಯಿ ಕೊಂಡು ಮನೆಗೆ ಹೋಗುತ್ತಿದ್ದರು. ನನಗೆ ಹೊಟ್ಟೆ ಉರಿದುಹೋಗುತ್ತಿತ್ತು.

ನನ್ನ ವಿದ್ಯೆಯ ಮೇಲೆ ನಿಮಗೂ ಅನುಮಾನ ಹುಟ್ಟುವ ಮೊದಲು ಹೇಳಿಬಿಡುತ್ತೇನೆ: ನಾನು ಮುಂಬಯಿಯಲ್ಲಿ ಓದಿ ಬಂದವನು. ಅಲ್ಲಿಂದ ಬರುವಾಗ ಸೊಂಟದೆತ್ತರದ ಒಂದು ಕಬ್ಬಿಣದ ಸಿಲಿಂಡರನ್ನೂ ತಂದಿದ್ದೆ. ಅದರಲ್ಲಿ ನಗಿಸುವ ಗ್ಯಾಸು ಇತ್ತು. ಮೂಗಿಗೆ ಬಟ್ಟಲಿನಂಥ ಮುಚ್ಚಳ ಹಿಡಿದು ನಾಲ್ಕು ಸಲ ಉಸಿರೆಳೆಸಿದರೆ ರೋಗಿಗೆ ನೋವು ಮರೆತು ನಗು ಬರುತ್ತದೆ. ಆ ಸಂಭ್ರಮದಲ್ಲಿ ಹಲ್ಲು ಕಿತ್ತುಬಿಡಬಹುದು. ಶಿಕಾರಿಪುರದಲ್ಲಿ ಇಂಥದ್ದು ಯಾರ ಹತ್ತಿರವೂ ಇರಲಿಲ್ಲ. ಆದರೆ ನನ್ನ ದುರದೃಷ್ಟ ನೋಡಿ. ಮೊದಲು ಅದನ್ನು ಕುಡಿಸಿದ್ದು ತೊಗರ್ಸಿಯ ಕಡೆಯ ಒಬ್ಬ ಗೌಡರಿಗೆ. ಅವರು ಕುಲುಕುಲು ನಗುತ್ತ, ಪಕ್ಕದಲ್ಲೇ ಹೆಂಡತಿ ನಿಂತಿರುವುದನ್ನು ಮರೆತು, ಅವಳ ಎಮ್ಮೆಯನ್ನು ಯಾರಿಗೆ ಮಾರಿದ್ದು, ‘ಕಳೆದುಹೋಯಿತು’ ಎಂದು ಸುಳ್ಳು ಹೇಳಿ ಅವಳನ್ನು ಎಲ್ಲೆಲ್ಲಿ ಹುಡುಕಿಸಿದ್ದು ಎಲ್ಲವನ್ನೂ ಸವಿಸ್ತಾರವಾಗಿ ಹೇಳಿಬಿಟ್ಟರು. ಆಮೇಲೆ ಆ ಹಲ್ಲನ್ನು ನಾನು ಕೀಳಬೇಕಾಗಿ ಬಂತೋ ಗೌಡತಿಯೇ ಉದುರಿಸಿದಳೋ ಎಂಬ ವಿವರ ಬೇಡ. ‘ಆ ಡಾಕ್ಟ್ರ ಗಾಳಿ ಕುಡುದ್ರೆ ಮನೆ ಗುಟ್ಟೆಲ್ಲ ಬೀದಿಗೆ ಬರ್ತೈತಿ’ ಎಂಬ ಸುದ್ದಿ ತಾಲ್ಲೂಕೆಲ್ಲ ಹಬ್ಬಿತು. ಗುಟ್ಟಿಲ್ಲದ ಗಂಡಸು ಯಾವ ಊರಲ್ಲಿದ್ದಾನೆ? ಸಿಲಿಂಡರು ದವಾಖಾನೆಯ ಮೂಲೆಯಲ್ಲಿ ತುಂಬಿದ ಕೊಡದಂತೆ ತುಳುಕದೆ ನಿಂತಿತು. ಆಯುಧಪೂಜೆಗೆ ನನ್ನ ಹೆಂಡತಿ ಗಿರಿಜೆ ಅದಕ್ಕೂ ವಿಭೂತಿ ಕುಂಕುಮ ಹಚ್ಚುತ್ತಿದ್ದಳು.

ಇನ್ನು ಕಾರಿನ ವಿಷಯ. ಊರು ಬಿಟ್ಟು ತನ್ನ ಸೀಮೆಗೆ ಹೊರಟಿದ್ದ ಒಬ್ಬ ಬಿಳಿ ದೊರೆಯಿಂದ ನಾನು ಒಂದು ಹಳೆಯ ಕಾರು ಕೊಂಡಿದ್ದೆ. ಮುಂದೆ ನಿಂತು ಹ್ಯಾಂಡಲು ತಿರುವಿದರೆ ಅದು ಕೆಮ್ಮುತ್ತಿತ್ತು, ಸೀನುತ್ತಿತ್ತು, ಮನಸ್ಸಾದರೆ ಹೊರಡುತ್ತಿತ್ತು. ಬಯಲಿನಲ್ಲಿ ಅದರ ಓಟಕ್ಕೆ ಹೆಸರಿಡುವಂತಿರಲಿಲ್ಲ. ಆದರೆ ಶಿರಾಳಕೊಪ್ಪ ದಾಟಿ ಸೊರಬ ಇನ್ನೂ ಸ್ವಲ್ಪ ದೂರವಿರುವಾಗ ಒಂದು ಏರು ಇತ್ತು. ಅದರ ಬುಡಕ್ಕೆ ಬಂದಾಗಲೆಲ್ಲ ಕಾರಿಗೆ ಉಸಿರು ಕಟ್ಟುತ್ತಿತ್ತು. ಗಿರಿಜೆ ಹೇಳಿಸಿಕೊಳ್ಳದೆ ಬಾಗಿಲು ತೆರೆದು ಇಳಿದು, ಸೆರಗು ಬಿಗಿದುಕೊಂಡು, ಕಾರಿನ ಪಕ್ಕದಲ್ಲೇ ನಡೆದು ಬರುತ್ತಿದ್ದಳು. ಕೆಲವೊಮ್ಮೆ ಅವಳೇ ಮುಂದೆ ಹೋಗಿ ಮೇಲೆ ನಿಂತು ಕಾಯುತ್ತಿದ್ದುದೂ ಉಂಟು. ಗದ್ದೆಯಲ್ಲಿದ್ದವರು ಕೆಲಸ ಬಿಟ್ಟು ನೋಡುತ್ತಿದ್ದರು. ಆ ಕಾಲದಲ್ಲಿ ಕ್ಯಾಸನೂರಿನ ಕಾಡಿನ ಜ್ವರದ ಸಲುವಾಗಿ ದೊಡ್ಡ ದೊಡ್ಡ ಡಾಕ್ಟರುಗಳು ಜೀಪುಗಳಲ್ಲಿ ಓಡಾಡುತ್ತಿದ್ದರು. ಅವರ ಜೀಪು ಆ ಏರನ್ನು ಸರ್ರನೆ ಹತ್ತಿ ಹೋದದ್ದನ್ನು ನೋಡಿದ ಒಬ್ಬ ಮುದುಕ ನನ್ನನ್ನು ಕೇಳಿದ, “ನೀವೂ ಡಾಕ್ಟ್ರೇ ಅಲ್ದೇನ್ರೀ? ಮತ್ತೆ ಹಿಂಗ್ಯಾಕೆ?” ನಾನು ಹಲ್ಲಿನ ಡಾಕ್ಟರೆಂದೆ. “ಹಂಗಾರೆ ಸರಿ ಬಿಡ್ರಿ,” ಎಂದು ಸಮಾಧಾನ ಮಾಡಿಕೊಂಡು ಹೋದ.

ಈ ಏರಿನ ಕಥೆಯನ್ನು ಚೆನ್ನಬಸಪ್ಪನವರು ಮಾವನ ಪಡಸಾಲೆಯಲ್ಲಿ ಎಲ್ಲರ ಮುಂದೆ ಎತ್ತಿದರು. “ಡಾಕ್ಟ್ರೇ, ಆ ಕಾರನ್ನ ನಂಗೆ ಕೊಡಿ ಮಾರಾಯ್ರೆ. ಇಂಜಿನ್ನು ಬಿಚ್ಚಿ ಕಬ್ಬಿನ ಗದ್ದೆಗೆ ನೀರೆತ್ತಾಕೆ ಹಾಕ್ತೀನಿ. ನಿಂತಲ್ಲೇ ನಿಂತು ಕೆಲ್ಸ ಮಾಡೋದು ಅದ್ರ ಸ್ವಭಾವಕ್ಕೆ ಒಪ್ತೈತಿ,” ಎಂದರು. ಅತ್ತೆಯವರೂ ನಕ್ಕರು. ನಾನು ರೋಷದಲ್ಲಿ ಎದ್ದು ನಿಂತೆ. ರೋಷ ಬಂದಾಗ ನನಗೆ ಬುದ್ಧಿ ಹತ್ತಿರ ಇರುವುದಿಲ್ಲ. “ಮುಂದಿನ ಸಂತೆಗೆ ಗಿರಿಜೆಯನ್ನು ಇಳಿಸದೆ ಏರು ಹತ್ತಿಸಿ ತೋರಿಸುತ್ತೇನೆ. ಹತ್ತದಿದ್ದರೆ ಕಾರು ನಿಮಗೆ. ಹತ್ತಿದರೆ ನೀವು ಈ ಜಗುಲಿಯ ಮೇಲೆ, ಸಂತೆಯ ಜನರೆಲ್ಲ ನೋಡುವಾಗ, ನನ್ನ ಕುರ್ಚಿಯಲ್ಲಿ ಕೂತು ಆ ಹಲ್ಲು ಕೀಳಿಸಿಕೊಳ್ಳಬೇಕು,” ಎಂದುಬಿಟ್ಟೆ. ಚೆನ್ನಬಸಪ್ಪನವರ ಕೈ ತಾನಾಗಿಯೇ ಬಲಗೆನ್ನೆಗೆ ಹೋಯಿತು. ಕಾರು ಹೋದರೆ ನಾನು ಸೊರಬಕ್ಕೆ ಬರುವುದೇ ನಿಲ್ಲುತ್ತದೆ, ಅವರು ಕುರ್ಚಿಯಲ್ಲಿ ಕೂತರೆ ಸೊರಬವೆಲ್ಲ ಬಂದು ಕೂರುತ್ತದೆ, ಇದು ಇಬ್ಬರಿಗೂ ಗೊತ್ತಿತ್ತು.

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಅಲ್ಲಿ ನನ್ನ ಭಾವಮೈದುನ ಪರಮೇಶಿಯೂ ಇದ್ದ. ಯುದ್ಧದ ಕಾಲದಲ್ಲಿ ವಿಮಾನದಳದಲ್ಲಿ ರಿಪೇರಿಯವರ ಕೈಕೆಳಗೆ ಇದ್ದು ಬಂದವನು. ಅವನ ಮಾತು ಕೇಳಿದರೆ ಆ ಯುದ್ಧದಲ್ಲಿ ಹಾರಿದ ವಿಮಾನಗಳಿಗೆಲ್ಲ ಅವನೇ ಗಾಳಿ ಹೊಡೆದು ಕಳಿಸಿದ್ದನೆನ್ನಬೇಕು. “ಭಾವ, ಹೆದರ್ಬೇಡ್ರಿ. ವಿಮಾನಕ್ಕೆ ಹಾಕ್ತಿದ್ವಲ್ಲ, ಬ್ಲೋಯರು, ಅದನ್ನ ಹಾಕಿಬಿಡಾಣ. ಇಂಜಿನ್ನು ಅಂದ್ರೆ ಏನು? ಪೆಟ್ರೋಲು ತಿಂದು ಗಾಳಿ ಕುಡಿಯೋ ಪ್ರಾಣಿ. ಅದು ತಾನಾಗಿ ಎಷ್ಟು ಗಾಳಿ ಎಳ್ಕೊಳ್ತೈತೋ ಅಷ್ಟೇ ಅದ್ರ ತಾಕತ್ತು. ಬ್ಲೋಯರು ಏನ್ ಮಾಡ್ತೈತಿ? ಗಾಳೀನ ಗಂಟಲಿಗೆ ಒತ್ತಿ ಒತ್ತಿ ತುಂಬ್ತೈತಿ. ಆನೆ ಬಲ ಬರ್ತೈತಿ!” ಎಂದು ಅಲ್ಲೇ ಎಲ್ಲರಿಗೂ ಪಾಠ ಹೇಳಿದ. ಶತ್ರುವಿನ ಮುಂದೆ ಯುದ್ಧದ ಉಪಾಯ ಬಿಚ್ಚಿಡುವವನನ್ನು ವಿಮಾನದಳದವರು ಹೇಗೆ ಇಟ್ಟುಕೊಂಡಿದ್ದರೋ ಕಾಣೆ. ಚೆನ್ನಬಸಪ್ಪನವರು ತಟ್ಟನೆ ಹಿಡಿದರು. “ಅದೆಲ್ಲ ಆಗಾಕಿಲ್ಲ! ಒತ್ತಿ ತುಂಬೋದು ಮೋಸ. ಕಾರು ತನ್ನ ಉಸಿರಿನ ಮೇಲೆ ಹತ್ಬೇಕು. ಒತ್ತಾಯದ ಗಾಳಿ ಕೂಡ್ದು.” ಮಾವನವರು ಶಿರಸ್ತೇದಾರರಾಗಿ ನಿವೃತ್ತರಾದವರು; ಯಾವುದಾದರೂ ತಕರಾರು ಕಂಡರೆ ಅವರ ಬೆನ್ನು ನೆಟ್ಟಗಾಗುತ್ತಿತ್ತು. “ಷರತ್ತು ಮಂಜೂರು. ಒತ್ತಾಯದ ಗಾಳಿ ಇಲ್ಲ. ಚೆನ್ನಬಸಪ್ಪ ಖುದ್ದು ಕಾರಿನಲ್ಲಿ ಕೂತು ನೋಡತಕ್ಕದ್ದು,” ಎಂದು ಹುಕುಂ ಕೊಟ್ಟರು.

ಶಿಕಾರಿಪುರಕ್ಕೆ ವಾಪಸು ಬಂದ ಮೇಲೆ ನನಗೆ ಊಟ ಸೇರಲಿಲ್ಲ. ಗಿರಿಜೆ, “ಆಡಿದ ಮಾತು, ಒಡೆದ ಮಡಿಕೆ. ಈಗ ತಲೆ ಕೆಳಗೆ ಹಾಕ್ಕೊಂಡು ಕೂತ್ರೆ ಏನ್ ಬಂತು? ನನ್ನ ಭಾರ ಇಳಿಸಾಕೆ ಉಪವಾಸ ಇರು ಅಂದ್ರೆ ಮಾತ್ರ ನಾ ಇರಾಕಿಲ್ಲ,” ಎಂದಳು. ಆ ಯೋಚನೆ ನನಗೆ ಬಂದಿತ್ತೆಂದು ಅವಳಿಗೆ ಹೇಗೆ ತಿಳಿಯಿತೋ! ಅಷ್ಟರಲ್ಲಿ ಪರಮೇಶಿ ನಮ್ಮ ಮನೆಗೇ ಬಂದಿಳಿದ. ಕಾರಿನ ಸುತ್ತ ಎರಡು ಸುತ್ತು ಹಾಕಿ, ತಲೆ ಕೆರೆದುಕೊಂಡು, ಬೀಡಿ ಹಚ್ಚಲು ದವಾಖಾನೆಯ ಮೂಲೆಗೆ ಹೋದವನು ಅಲ್ಲಿಂದಲೇ ಕೂಗಿದ: “ಭಾವಾ! ಮನೇಲಿ ಚಿನ್ನ ಇಟ್ಕೊಂಡು ಊರೆಲ್ಲ ತಿರುಪೆ ಎತ್ತತೀರಲ್ರೀ!” ಅವನ ಕೈ ನನ್ನ ಸಿಲಿಂಡರಿನ ಮೇಲಿತ್ತು. ಯುದ್ಧದ ಕೊನೆಗೆ ಕೆಲವು ವಿಮಾನಗಳಿಗೆ ಇದೇ ಗ್ಯಾಸು ಕುಡಿಸುತ್ತಿದ್ದರಂತೆ. ಇದರೊಳಗೆ ಮಾಮೂಲು ಗಾಳಿಗಿಂತ ಹೆಚ್ಚಿನ ಪ್ರಾಣವಾಯು ಅಡಗಿರುತ್ತದೆ. ಇಂಜಿನ್ನಿನ ಬಿಸಿಗೆ ಅದು ಬಿಡುಗಡೆಯಾಗಿ ಪೆಟ್ರೋಲು ಭಗ್ಗನೆ ಉರಿಯುತ್ತದೆ. ಇಷ್ಟನ್ನು ನಾನೂ ಪುಸ್ತಕದಲ್ಲಿ ಓದಿದ್ದೆ. ಆದರೆ ಕಾರೂ ಸಿಲಿಂಡರೂ ಎರಡೂ ನನ್ನವೇ ಆಗಿದ್ದರೂ ಅವೆರಡನ್ನೂ ಕೂಡಿಸುವ ಯೋಚನೆ ನನಗೆ ಹೊಳೆದಿರಲಿಲ್ಲ.

“ಷರತ್ತು ಏನಾಯ್ತೋ? ಒತ್ತಾಯದ ಗಾಳಿ ಕೂಡದು ಅಂದಿದ್ದಾರಲ್ಲ,” ಎಂದೆ.

“ಇದು ಒತ್ತಾಯ ಹ್ಯಾಂಗಾಗ್ತೈತ್ರಿ? ಬ್ಲೋಯರು ಆದ್ರೆ ಹೊರಗಿನ ಗಾಳೀನ ಹಿಡಿದು, ಮುಷ್ಟಿ ಮಾಡಿ, ತುರುಕ್ತೈತಿ. ಇಲ್ಲಿ ನಾವು ಏನೂ ತುರುಕಾಕಿಲ್ಲ. ಇಂಜಿನ್ನಿನ ಬಾಯಿ ಹತ್ರ ನಳಿಕೆ ಹಿಡಿತೀವಿ ಅಷ್ಟೇ. ಅದು ದಿನಾ ಎಳಿಯೋಷ್ಟೇ ಉಸಿರು ಎಳಿತೈತಿ. ಆ ಉಸಿರಿನಾಗೆ ಕಸುವು ಜಾಸ್ತಿ, ಅಷ್ಟೇ,” ಎಂದ. ನನ್ನ ಅಂತಃಸಾಕ್ಷಿ ಸ್ವಲ್ಪ ಹೊತ್ತು ತಕರಾರು ಮಾಡಿತು. ಆಮೇಲೆ ಕಬ್ಬಿನ ಗದ್ದೆಯಲ್ಲಿ ನೀರೆತ್ತುತ್ತ ನಿಂತ ನನ್ನ ಕಾರನ್ನು ನೆನೆಸಿಕೊಂಡು ಸುಮ್ಮನಾಯಿತು.

ಸಂತೆಯ ಹಿಂದಿನ ದಿನ ಹೊರಟೆವು. ಚೆನ್ನಬಸಪ್ಪನವರು ಬಸ್ಸಿನಲ್ಲಿ ಶಿರಾಳಕೊಪ್ಪದ ತನಕ ಬಂದು ಅಲ್ಲಿ ನಮ್ಮ ಕಾರು ಹತ್ತಿದರು. ಜರಿ ರುಮಾಲು, ಮಡಿಕೆ ಮುರಿಯದ ಕೋಟು, ಕೈಯಲ್ಲಿ ಬೆತ್ತ. ಕಾರನ್ನು ಜಪ್ತಿ ಮಾಡಲು ಬಂದ ಅಮೀನರ ಹಾಗಿದ್ದರು. ಹಿಂದಿನ ಸೀಟಿನಲ್ಲಿ ಗಿರಿಜೆ, ಅವಳ ಕಾಲ ಬಳಿ ಅಡ್ಡಲಾಗಿ ಕಂಬಳಿ ಹೊದ್ದು ಮಲಗಿದ ಸಿಲಿಂಡರು, ಅದರ ತಲೆಯ ಹತ್ತಿರ ಪರಮೇಶಿ. ಕಾರಿನ ತಳದಲ್ಲಿ ಮೊದಲೇ ಇದ್ದ ತೂತು ಆ ದಿನ ಉಪಯೋಗಕ್ಕೆ ಬಂದಿತ್ತು; ಅದರೊಳಗಿಂದ ರಬ್ಬರು ನಳಿಕೆ ಇಂಜಿನ್ನಿನ ಬಾಯಿಗೆ ಹೋಗಿತ್ತು. “ಕಂಬಳಿ ಒಳಗೆ ಎಂಥದು?” ಎಂದು ಚೆನ್ನಬಸಪ್ಪನವರು ಕೇಳಿದರು. “ಡಾಕ್ಟ್ರ ಸಾಮಾನು,” ಎಂದಳು ಗಿರಿಜೆ. ಅವಳು ಸುಳ್ಳು ಹೇಳುವವಳಲ್ಲ.

ಏರಿನ ಬುಡ ಬಂತು. ಕಾರು ಎಂದಿನಂತೆ ನಿಟ್ಟುಸಿರು ಬಿಟ್ಟು ನಿಧಾನವಾಯಿತು. ಗದ್ದೆಯವರು ಸೊಂಟದ ಮೇಲೆ ಕೈಯಿಟ್ಟು ನಿಂತರು. ಗಿರಿಜೆಯ ಕೈ ಅಭ್ಯಾಸಬಲದಿಂದ ಬಾಗಿಲಿಗೆ ಹೋಯಿತು. ಚೆನ್ನಬಸಪ್ಪನವರ ಮೀಸೆಯಡಿಯಲ್ಲಿ ನಗು ಕಾಣಿಸಿತು. ನಾನು ‘ಹೂಂ’ ಎಂದೆ. ಪರಮೇಶಿ ಸಿಲಿಂಡರಿನ ಕೀಲಿ ತಿರುವಿದ. ಬುಸ್ ಎಂದು ಒಂದು ಸದ್ದು. ಆಮೇಲೆ, ನಿಮಗೆ ಹೇಗೆ ಹೇಳಲಿ, ಹಿಂದಿನಿಂದ ಯಾವುದೋ ಕೋಣ ಗುದ್ದಿದ ಹಾಗಾಯಿತು. ಕಾರು ಮುಂದಕ್ಕೆ ನೆಗೆಯಿತು. ಚೆನ್ನಬಸಪ್ಪನವರ ರುಮಾಲು ಹಿಂದಕ್ಕೆ ಹಾರಿ ಗಿರಿಜೆಯ ಮಡಿಲಿಗೆ ಬಿತ್ತು. ಎರಡು ಗಾಡಿಗಳನ್ನು, ಒಂದು ಕುರಿಹಿಂಡನ್ನು, ಹಿಂಡಿಗಿಂತ ಹೆಚ್ಚಾಗಿ ಕೂಗಿದ ಕುರುಬನನ್ನು ಹಿಂದೆ ಹಾಕಿದೆವು. “ಸಾಕು, ನಿಲ್ಸೋ!” ಎಂದು ನಾನು ಅರಚಿದೆ. “ಕೀಲಿ ಸಿಕ್ಕೊಂಡೈತಿ ಭಾವಾ, ತಿರುಗವಲ್ದು!” ಎಂದು ಅವನು ಅರಚಿದ. ನೀವು ಈಗ ಒಂದು ತಮಾಷೆ ನಿರೀಕ್ಷಿಸುತ್ತಿದ್ದೀರಿ, ನನಗೆ ಗೊತ್ತು: ಗ್ಯಾಸು ಸೋರಿ ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು ಎಂದು. ಇಲ್ಲ ಸ್ವಾಮಿ, ಒಂದು ಗುಟುಕೂ ಸೋರಲಿಲ್ಲ. ಇದ್ದದ್ದನ್ನೆಲ್ಲ ಇಂಜಿನ್ನೇ ಕುಡಿಯಿತು. ಕಾರೊಂದೇ ಗಹಗಹಿಸಿ ನಕ್ಕಿತು. ನಾವು ನಾಲ್ವರೂ ಕಣ್ಣು ಮುಚ್ಚಿ ನಮ್ಮ ನಮ್ಮ ದೇವರನ್ನು ಕರೆದೆವು. ಏರಿನ ನೆತ್ತಿ ದಾಟಿದ್ದೇ ‘ಢಬ್’ ಎಂದು ಒಂದು ಶಬ್ದವಾಗಿ ಇಂಜಿನ್ನು ನಿಂತಿತು. ಆಚೆಗೆ ಇಳಿಜಾರು. ಸದ್ದಿಲ್ಲದೆ, ಹೊಗೆ ಬಿಡುತ್ತ, ಬಹಳ ಗಂಭೀರವಾಗಿ ಕೆಳಗೆ ಉರುಳಿದೆವು. ಇಳಿಜಾರು ಮುಗಿದ ಮೇಲೆ ಸೊರಬದ ತನಕ ಎರಡು ಎತ್ತುಗಳು ಎಳೆದವು. ಷರತ್ತು ಏರಿಗೆ ಮಾತ್ರ ಇದ್ದದ್ದು.

ಮಾವನ ಮನೆಯಲ್ಲಿ ಇಬ್ಬರು ಅಳಿಯಂದಿರೂ ಒಟ್ಟಿಗೆ ಬಂದರೆ ಹೋಳಿಗೆ ಆಗಲೇಬೇಕು. ಎಲೆಯ ಮುಂದೆ ಕೂತದ್ದೇ ಚೆನ್ನಬಸಪ್ಪನವರು ತಕರಾರು ಎತ್ತಿದರು. “ಮಾವನೋರೆ, ಇದು ಅನ್ಯಾಯ. ಒತ್ತಾಯದ ಗಾಳಿ ಕೂಡ್ದು ಅಂದಿದ್ವಿ. ಆ ಕಬ್ಬಿಣದ ಹಂಡೆಯೊಳಗೆ ಗಾಳಿ ಒತ್ತಿ ತುಂಬಿದ್ದಲ್ವಾ? ಕೀಲಿ ತಿರುವಿದ್ರೆ ಬುಸ್ ಅಂತ ನುಗ್ಗಲಿಲ್ವಾ? ನುಗ್ಗಿದ್ರೆ ಒತ್ತಾಯ ಅಲ್ದೆ ಇನ್ನೆಂಥದು?” ಮಾತಿನಲ್ಲಿ ತೂಕವಿತ್ತು, ನನ್ನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಪರಮೇಶಿ ಉಸಿರು, ಕಸುವು, ವಿಮಾನ ಎಂದು ಏನೇನೋ ಹೇಳಿದ. ಮಾವನವರು ಕಣ್ಣು ಮುಚ್ಚಿ ಎಲ್ಲವನ್ನೂ ಕೇಳಿದರು. ಅಷ್ಟು ಹೊತ್ತಿಗೆ ಅತ್ತೆ ಹೋಳಿಗೆಯ ತಟ್ಟೆ ಹಿಡಿದು ನನ್ನ ಮುಂದೆ ಬಂದರು. ನಾನು ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದೆ. ಅವರು ನನ್ನ ಬೆರಳುಗಳ ಸಂದಿಯಲ್ಲೇ ಜಾಗ ಮಾಡಿ ಒಂದು ಹೋಳಿಗೆ ಜಾರಿಸಿ, “ಈ ವಯಸ್ಸಿನಾಗೆ ಉಣ್ದೆ ಯಾವಾಗ ಉಣ್ತೀರಿ?” ಎಂದು ಮುಂದೆ ಹೋದರು. ಮಾವನವರು ಕಣ್ಣು ತೆರೆದರು.

“ನೋಡಿದಿರಾ? ಇದು ಬ್ಲೋಯರು,” ಎಂದರು.

ಎಲ್ಲರೂ ಅತ್ತೆಯವರ ಕಡೆ ನೋಡಿದೆವು. ಅವರ ಹಿಂದೆಯೇ ಗಿರಿಜೆಯ ಅಕ್ಕ ತುಪ್ಪದ ಗಿಂಡಿ ಹಿಡಿದು ಬಂದು ಹೋಳಿಗೆಯ ಮೇಲೆ ಧಾರಾಳವಾಗಿ ಬಡಿಸಿದರು. ನನ್ನ ಕೈಗಳು ಅಡ್ಡ ಬರಲಿಲ್ಲ. “ಇದು ಡಾಕ್ಟ್ರ ಗ್ಯಾಸು,” ಎಂದರು ಮಾವ. “ಹೋಳಿಗೆ ಒಂದೇ. ತುತ್ತೂ ಒಂದೇ. ಕಸುವು ಮಾತ್ರ ಹೆಚ್ಚು. ಗಿಂಡಿ ಬಗ್ಗಿಸಿದರೆ ತುಪ್ಪ ತಾನಾಗಿ ಬೀಳುತ್ತದೆ. ಹಾಗಂತ ಅದನ್ನು ಒತ್ತಾಯ ಅನ್ನೋಕಾಗುತ್ತದೇನು? ಏನೇ, ತುಪ್ಪ ಬಡಿಸಿದರೆ ಒತ್ತಾಯವೇನೇ?”

ಅತ್ತೆಯವರಿಗೆ ಕಾರೂ ಬೇಡ, ಗ್ಯಾಸೂ ಬೇಡ. ಪ್ರಶ್ನೆ ಮಾತ್ರ ಅವರ ಅಧಿಕಾರಕ್ಕೆ ಸೇರಿದ್ದಾಗಿತ್ತು. “ಬ್ಯಾಡ ಅಂದ ಮೇಲೆ ಹಾಕಿದ್ರೆ ಒತ್ತಾಯ. ತುಪ್ಪಕ್ಕೆ ಯಾರು ಬ್ಯಾಡ ಅಂತಾರೆ?” ಎಂದರು.

“ಇಂಜಿನ್ನು ಕಡೇಗೆ ಢಬ್ ಅನ್ಲಿಲ್ವಾ? ಬ್ಯಾಡ ಅಂದಿದ್ದೇ ಅದು!” ಎಂದರು ಚೆನ್ನಬಸಪ್ಪನವರು.

“ಅದು ತೇಗು,” ಎಂದರು ಮಾವ. “ತಕರಾರು ವಜಾ. ಗ್ಯಾಸು ಕೊಡೋದು ಒತ್ತಾಯ ಅಲ್ಲ ಅಂತ ಫೈಸಲಾಗಿದೆ. ನಾಳೆ ಚೆನ್ನಬಸಪ್ಪ ಕುರ್ಚಿಯಲ್ಲಿ ಕೂರತಕ್ಕದ್ದು.” ಎಲೆಯ ಮುಂದಿನಿಂದ ಏಳುವಾಗ ಗಿರಿಜೆ ಅಡುಗೆಮನೆಯ ಬಾಗಿಲಿನಿಂದಲೇ, “ಇಂಜಿನ್ನಿಗೆ ಒತ್ತಾಯ ಆಯ್ತೋ ಇಲ್ವೋ ನಾ ಕಾಣೆ. ನನ್ನ ಆ ಕಾರಿನಾಗೆ ಕೂರ್ಸಿದ್ದು ಮಾತ್ರ ಒತ್ತಾಯ. ಅದನ್ನೂ ಬರ್ಕೊಳ್ರಿ,” ಎಂದಳು. ಅದನ್ನು ಯಾರೂ ಬರೆದುಕೊಳ್ಳಲಿಲ್ಲ. ನನಗಂತೂ ಸಂತೋಷದಲ್ಲಿ ಕುಣಿಯುವಂತಾಗಿತ್ತು. ಕುಣಿಯಲಿಲ್ಲ, ಹೋಳಿಗೆ ಬಿಡಲಿಲ್ಲ.

ಮರುದಿನ ಸಂತೆ. ಸುದ್ದಿ ನಮಗಿಂತ ಮೊದಲೇ ಬೀದಿ ತಲುಪಿತ್ತು. ಮೆಣಸಿನಕಾಯಿ ಮಾರುವವರು ಚೀಲ ಬಿಟ್ಟು ಬಂದರು, ಬಳೆಗಾರ ಮಲಾರ ಹೊತ್ತುಕೊಂಡೇ ಬಂದ. ಕೆನ್ನೆ ಊದಿದವರಿಗೆ ಮುಂದಿನ ಸಾಲು ಸಿಕ್ಕಿತ್ತು. ಚೆನ್ನಬಸಪ್ಪನವರು ಮಾತಿಗೆ ತಪ್ಪುವವರಲ್ಲ; ಬಂದರು, ಕೋಟು ಬಿಚ್ಚಿ ಮಡಿಸಿಟ್ಟರು, ಕುರ್ಚಿಯಲ್ಲಿ ಕೂತರು. ನಾನು ಸೂಜಿಮದ್ದಿಗೆ ಕೈ ಹಾಕಿದೆ. ಅವರು ಬಾಯಿ ಭದ್ರವಾಗಿ ಮುಚ್ಚಿಕೊಂಡು ಬೆತ್ತದಿಂದ ಅದನ್ನು ದೂರ ತಳ್ಳಿದರು. “ಸೂಜಿ ಆಗಾಕಿಲ್ಲ. ಸೂಜಿ ಅಂದ್ರೆ ಒತ್ತಾಯ. ಗ್ಯಾಸು ಕೊಡೋದು ಒತ್ತಾಯ ಅಲ್ಲ ಅಂತ ಮಾವನೋರೇ ಫೈಸಲು ಮಾಡ್ಯಾರೆ. ಗ್ಯಾಸು ಕೊಡಿ, ಬಾಯಿ ತೆರಿತೀನಿ,” ಎಂದರು. ಜನ ‘ಹೌದು, ಹೌದು’ ಎಂದಿತು. ಮಾವನವರೂ ತಲೆದೂಗಿದರು, ತಮ್ಮ ಫೈಸಲನ್ನು ಮತ್ತೊಬ್ಬರು ಎತ್ತಿ ಹೇಳಿದರೆ ಅವರಿಗೆ ಪರಮಾನಂದ.

ಗ್ಯಾಸು ಎಲ್ಲಿತ್ತು? ಅದನ್ನು ಕೊನೆಯ ಗುಟುಕಿನ ತನಕ ಕಾರು ಕುಡಿದು ತೇಗಿತ್ತಲ್ಲ! ಇಲ್ಲವೆಂದರೆ ಚೆನ್ನಬಸಪ್ಪನವರು ಎದ್ದು ಕೋಟು ಹಾಕಿಕೊಂಡು ಹೊರಡುತ್ತಾರೆ, ಅವರ ಹಿಂದೆ ಸೊರಬವೇ ಹೊರಡುತ್ತದೆ. ಗೆದ್ದ ಪಂದ್ಯ, ಬೆಂದ ಇಂಜಿನ್ನು ಎರಡನ್ನೂ ಹಿಡಿದುಕೊಂಡು ನಾನು ಮನೆಗೆ ಹೋಗಬೇಕು. ಆ ಗಳಿಗೆಯಲ್ಲಿ ಪರಮೇಶಿ ಬಾಗಿಲ ಮರೆಯಿಂದ ಸನ್ನೆ ಮಾಡಿದ. ಸಿಲಿಂಡರನ್ನು ಬಾಗಿಲಿನೊಳಗೆ ನಿಲ್ಲಿಸಿದ್ದ. ಮೂಗಿನ ಮುಚ್ಚಳದ ನಳಿಕೆ ಮಾತ್ರ ಸಿಲಿಂಡರನ್ನು ಸುತ್ತಿ ಹಿಂದಕ್ಕೆ ಹೋಗಿ, ಕಾರಿನ ಟೈರಿಗೆ ಗಾಳಿ ಹೊಡೆಯುವ ಪಂಪಿಗೆ ಕೂಡಿಕೊಂಡಿತ್ತು. ನನಗೆ ಬೇರೆ ದಾರಿ ಇರಲಿಲ್ಲ. ಮುಚ್ಚಳವನ್ನು ಚೆನ್ನಬಸಪ್ಪನವರ ಮೂಗಿನ ಮೇಲಿಟ್ಟೆ. ಒಳಗೆ ಪರಮೇಶಿ ಕುಕ್ಕರಗಾಲಲ್ಲಿ ಕೂತು ಪಂಪು ಹೊಡೆಯತೊಡಗಿದ. ಒತ್ತಾಯದ ಗಾಳಿ ಕೂಡದೆಂದು ಷರತ್ತು ಹಾಕಿದವರ ಮೂಗಿಗೆ ಸೊರಬದ ಶುದ್ಧ ಒತ್ತಾಯದ ಗಾಳಿ ಬುಸ್ ಬುಸ್ ಎಂದು ಹೋಗತೊಡಗಿತು.

ಒಂದು ಉಸಿರು, ಇನ್ನೊಂದು ಉಸಿರು. ಅವರು ಮುಚ್ಚಳದ ಮೇಲಿನಿಂದ ನನ್ನನ್ನೇ ದಿಟ್ಟಿಸಿ ನೋಡುತ್ತಿದ್ದರು. ಬೆವರಿಗೆ ಜಾರುತ್ತಿದ್ದ ಕನ್ನಡಕವನ್ನು ತೆಗೆದು ಜೇಬಿಗೆ ಹಾಕಿದೆ, ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು. ಆಗ ನೋಡಿ, ಚೆನ್ನಬಸಪ್ಪನವರ ಮೀಸೆ ಅದುರಿತು. ಹೊಟ್ಟೆ ಕುಲುಕಿತು. ಆಮೇಲೆ ಆ ಅಕ್ಕಿ ಗಿರಣಿಯ ಗಾತ್ರದ ಮನುಷ್ಯ ಗೊಳ್ಳೆಂದು ನಗತೊಡಗಿದರು! ಅಂಥ ನಗುವನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ಕುರ್ಚಿ ಕಿರುಗುಟ್ಟಿತು, ಕಣ್ಣಲ್ಲಿ ನೀರು ಇಳಿಯಿತು, ಬಾಯಿ ಕಣಜದ ಬಾಗಿಲಿನಂತೆ ಅಗಲವಾಗಿ ತೆರೆಯಿತು. ಒಳಗೆ ಆ ಹಲ್ಲು, ಅಷ್ಟು ವರ್ಷ ನನ್ನನ್ನು ಅಣಕಿಸಿದ ಹಲ್ಲು, ನಗುವಿನ ರಭಸಕ್ಕೆ ತಾನೂ ಕುಣಿಯುತ್ತಿತ್ತು. ಇಕ್ಕಳ ಹಾಕಿ ಒಂದೇ ಎಳೆತ ಎಳೆದೆ. ಬಂದೇಬಿಟ್ಟಿತು. ಎತ್ತಿ ಹಿಡಿದು ಜನಕ್ಕೆ ತೋರಿಸಿದೆ. ಬೀದಿಯೆಲ್ಲ ‘ಭಲೆ ಡಾಕ್ಟ್ರೆ!’ ಎಂದು ಕೂಗಿತು. ಕೆನ್ನೆ ಊದಿದವರು ಆಗಲೇ ಸಾಲುಗಟ್ಟಿ, ‘ನಾ ಮೊದ್ಲು, ನಾ ಮೊದ್ಲು’ ಎಂದು ಜಗಳ ಶುರು ಮಾಡಿದ್ದರು. ಬಾಗಿಲ ಮರೆಯಲ್ಲಿ ಪರಮೇಶಿ ಇನ್ನೂ ಪಂಪು ಹೊಡೆಯುತ್ತಲೇ ಇದ್ದ. ನನ್ನ ಎದೆ ಉಬ್ಬಿತು. ಬರಿ ಗಾಳಿ ಕೊಟ್ಟು ನಗಿಸಿದವನು ನಾನು! ಮನುಷ್ಯನ ನಂಬಿಕೆಯ ಶಕ್ತಿ ದೊಡ್ಡದು, ಅದನ್ನು ಬಳಸಿಕೊಳ್ಳಬಲ್ಲ ಡಾಕ್ಟರು ಅದಕ್ಕಿಂತ ದೊಡ್ಡವನು ಎಂದು ಒಳಗೊಳಗೇ ಹಿಗ್ಗಿದೆ.

ಚೆನ್ನಬಸಪ್ಪನವರು ಬಾಯಿ ಮುಕ್ಕಳಿಸಿ ಉಗುಳಿ, ಕೋಟು ಹಾಕಿಕೊಂಡು, ಯಾರಿಗೂ ಕೇಳದ ಹಾಗೆ ನನ್ನ ಕಿವಿಯ ಹತ್ತಿರ ಬಾಗಿದರು.

“ಡಾಕ್ಟ್ರೇ, ಹಂಡೆ ಖಾಲಿ ಅಂತ ನಂಗೆ ಗೊತ್ತಿತ್ತು ಮಾರಾಯ್ರೆ. ನಿನ್ನೆ ಕಾರಿನಿಂದ ಇಳಿಸುವಾಗ ನಾನೇ ಒಂದು ತುದಿ ಹಿಡಿದಿದ್ದೆ, ಕೀಲಿ ಪೂರಾ ತೆರೆದಿತ್ತು, ಒಂದು ಬುಸ್ಸೂ ಇರ್ಲಿಲ್ಲ. ‘ಗ್ಯಾಸೇ ಬರ್ತಿಲ್ಲ’ ಅಂತ ಕೂಗಿ ಎದ್ದು ಹೋಗಾಣ ಅಂತಲೇ ಕೂತಿದ್ದೆ.”

“ಮತ್ತೆ ನಕ್ಕಿರಲ್ಲ?” ಎಂದೆ.

“ಏನ್ ಮಾಡ್ಲಿ, ಕೂಗಾಕೆ ಬಾಯಿ ತೆರೆಯೋ ಹೊತ್ತಿಗೆ ನಿಮ್ಮ ಮುಖ ಕಾಣಿಸ್ತು,” ಎಂದು, ನೆನಪಾಗಿ ಮತ್ತೊಮ್ಮೆ ನಕ್ಕು, ಕೆನ್ನೆ ಒತ್ತಿಕೊಳ್ಳುತ್ತ ಹೋದರು.

ಅಂದಿನಿಂದ ಸೊರಬದಲ್ಲಿ ನನ್ನ ಕಸುಬು ಚೆನ್ನಾಗಿ ನಡೆದಿದೆ. ಹೊಸ ಸಿಲಿಂಡರು ತರಿಸಬೇಕು ಎಂದು ಆಗಾಗ ಅಂದುಕೊಳ್ಳುತ್ತೇನೆ, ಮುಂಬಯಿಗೆ ಬರೆಯುವುದಿಲ್ಲ. ರೋಗಿ ಬಂದು ಕುರ್ಚಿಯಲ್ಲಿ ಕೂತ ಕೂಡಲೇ ಕನ್ನಡಕ ತೆಗೆದು, ಬೆಳಕಿನ ಕಡೆಗೆ ತಿರುಗಿ, ಅವರೆದುರಿಗೆ ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುತ್ತೇನೆ.